ನಟನೆಗೆ ಬರುವವರು ಮೊದಲು ಎಲ್ಲಿಗೆ ಹೋಗಬೇಕು?

ತಿಂಗಳಿಗೆ ಮೂರ್ನಾಲ್ಕು ಮಂದಿಯಾದರೂ ಈ ಪ್ರಶ್ನೆ ಹಿಡಿದು ಬರುತ್ತಾರೆ. ‘ಸರ್, ಆ್ಯಕ್ಟಿಂಗ್ ಅಂದ್ರೆ ನಂಗೆ ಪ್ರಾಣ. ಎಲ್ಲಿಂದ ಶುರು ಮಾಡ್ಲಿ?’ ಕೇಳುವಾಗಲೇ ಮೊಬೈಲ್ ಚಾಚಿ ಫೋಟೊ ತೋರಿಸುತ್ತಾರೆ. ಕೂಲಿಂಗ್ ಗ್ಲಾಸು, ಲೆದರ್ ಜಾಕೆಟ್ಟು, ಹಿಂದೆ ಬಾಡಿಗೆಗೆ ತಂದ ಬುಲೆಟ್ಟು. ಎಷ್ಟು ಖರ್ಚಾಯಿತು ಎಂದರೆ ಕೆಲವರು ಹದಿನೈದು ಸಾವಿರ ಎನ್ನುತ್ತಾರೆ, ಕೆಲವರು ಮೂವತ್ತು ಎನ್ನುತ್ತಾರೆ. ಈಚೆಗೆ ನೋಡಿದ ನಾಟಕ ಯಾವುದು ಎಂದು ಕೇಳಿದರೆ ಮಾತು ಅಲ್ಲಿಗೆ ನಿಲ್ಲುತ್ತದೆ. ಆ ಹುಡುಗರ ಆಸೆ ಸುಳ್ಳಲ್ಲ. ಆದರೆ ಕೊನೆಯಲ್ಲಿ ಮಾಡಬೇಕಾದ ಕೆಲಸವನ್ನು ಅವರಿಗೆ ಯಾರೋ ಮೊದಲು ಮಾಡಿಸಿಬಿಟ್ಟಿದ್ದಾರೆ.

ನನ್ನ ಉತ್ತರ ಯಾವಾಗಲೂ ಒಂದೇ. ಮೊದಲು ಒಂದು ತಂಡ ಹುಡುಕಿಕೊಳ್ಳಿ. ಹಾಡುಗಾರ ಒಬ್ಬನೇ ಕೂತು ಸಾಧನೆ ಮಾಡಬಹುದು, ಚಿತ್ರಕಾರ ಕೋಣೆಯೊಳಗೇ ಬೆಳೆಯಬಹುದು. ನಟನಿಗೆ ಮಾತ್ರ ಎದುರಿಗೆ ಇನ್ನೊಬ್ಬ ನಟ ಬೇಕು, ನೋಡುವ ಕಣ್ಣು ಬೇಕು, ತಪ್ಪಿದಾಗ ‘ಮತ್ತೊಮ್ಮೆ’ ಎನ್ನುವ ನಿರ್ದೇಶಕ ಬೇಕು. ಕನ್ನಡಿಯ ಮುಂದೆ ನಾಲ್ಕು ವರ್ಷ ಡೈಲಾಗ್ ಹೊಡೆದವರಿಗಿಂತ ಒಂದು ಹವ್ಯಾಸಿ ತಂಡದಲ್ಲಿ ನಾಲ್ಕು ತಿಂಗಳು ತಾಲೀಮು ಮಾಡಿದವರು ಚೆನ್ನಾಗಿ ನಿಲ್ಲುತ್ತಾರೆ, ಚೆನ್ನಾಗಿ ಕೇಳಿಸಿಕೊಳ್ಳುತ್ತಾರೆ.

ಕನ್ನಡದಲ್ಲಿ ಈ ದಾರಿ ಹೊಸದಲ್ಲ. ರಾಜಕುಮಾರ್ 1954ರ ‘ಬೇಡರ ಕಣ್ಣಪ್ಪ’ದಲ್ಲಿ ನಾಯಕರಾಗುವ ಮೊದಲು ಗುಬ್ಬಿ ಕಂಪನಿಯ ರಂಗದ ಮೇಲೆ ಬೆಳೆದವರು. ಉಮಾಶ್ರೀ ರಂಗಭೂಮಿಯಿಂದ ಬಂದರು, ಅಚ್ಯುತ್ ಕುಮಾರ್ ನೀನಾಸಮ್‌ನಿಂದ ಬಂದರು. ಯಶ್ ಮೊದಲು ಬೆನಕ ತಂಡದಲ್ಲಿ ರಂಗದ ಹಿಂದಿನ ಕೆಲಸ ಮಾಡುತ್ತಿದ್ದರು. ಆಮೇಲೆ ಧಾರಾವಾಹಿ, ಅದಾದ ಮೇಲೆ 2008ರ ‘ಮೊಗ್ಗಿನ ಮನಸು’. ‘ನಾನು ಅವನಲ್ಲ ಅವಳು’ ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಪಡೆದ ಸಂಚಾರಿ ವಿಜಯ್ ಅವರ ಹೆಸರಿನಲ್ಲಿದ್ದ ‘ಸಂಚಾರಿ’ ಅವರ ನಾಟಕ ತಂಡದ ಹೆಸರು.

‘ತಿಥಿ’ ಸಿನಿಮಾದಲ್ಲಿ ಮಂಡ್ಯ ಜಿಲ್ಲೆಯ ಹಳ್ಳಿಯವರೇ ತರಬೇತಿ ಇಲ್ಲದೆ ನಟಿಸಿದರಲ್ಲ ಎಂದು ಕೆಲವರು ಕೇಳುತ್ತಾರೆ. ನಿಜ, ಅದ್ಭುತವಾಗಿ ನಟಿಸಿದರು. ಆದರೆ ಅಲ್ಲಿ ಚಿತ್ರತಂಡವೇ ಅವರ ಊರಿಗೆ ಹೋಯಿತು, ಅವರ ಮಾತು ನಡಿಗೆಗಳ ಸುತ್ತ ಪಾತ್ರಗಳನ್ನು ಕಟ್ಟಿತು. ನಾವು ಇನ್ನೊಬ್ಬರ ಪಾತ್ರವನ್ನು ಹುಡುಕಿಕೊಂಡು ಹೋಗುವವರು. ನಮಗೆ ಬೇಕಾದ ಸಿದ್ಧತೆಯೇ ಬೇರೆ.

ತಂಡ ಸೇರುವುದು ಹೇಗೆ? ಅರ್ಜಿ ಫಾರಂ ಇರುವುದಿಲ್ಲ. ನಾಟಕಕ್ಕೆ ಹೋಗಿ. ಬೆಂಗಳೂರಿನವರಾದರೆ ಜೆ.ಸಿ. ರಸ್ತೆಯ ರವೀಂದ್ರ ಕಲಾಕ್ಷೇತ್ರ, ಅದರ ಹಿಂದಿನ ಸಂಸ ಬಯಲು ರಂಗಮಂದಿರ, ಹನುಮಂತನಗರದ ಕಲಾಸೌಧ, ಜೆ.ಪಿ. ನಗರದ ರಂಗಶಂಕರ ಇವೆ. ಮೈಸೂರು, ಧಾರವಾಡ, ಶಿವಮೊಗ್ಗ, ಕಲಬುರಗಿಗಳಲ್ಲಿ ರಂಗಾಯಣಗಳಿವೆ. ಜಿಲ್ಲಾ ಕೇಂದ್ರಗಳಲ್ಲಿ ರಂಗಮಂದಿರಗಳಿವೆ. ಸಣ್ಣ ಊರಾದರೆ ಹಬ್ಬ ಜಾತ್ರೆಗೆ ನಾಟಕ ಆಡಿಸುವ ಮೇಷ್ಟ್ರು ಒಬ್ಬರು ಇದ್ದೇ ಇರುತ್ತಾರೆ. ನಾಟಕ ಮುಗಿದ ಮೇಲೆ ಎದ್ದು ಮನೆಗೆ ಓಡಬೇಡಿ. ಗ್ರೀನ್‌ರೂಮಿನ ಬಾಗಿಲ ಬಳಿ ನಿಂತು ನಿರ್ದೇಶಕರನ್ನೋ ತಂಡದ ಹಿರಿಯರನ್ನೋ ಮಾತಾಡಿಸಿ. ‘ಪಾರ್ಟು ಕೊಡಿ’ ಎನ್ನುವ ಬದಲು ‘ತಾಲೀಮಿಗೆ ಬರಬಹುದಾ? ಏನು ಕೆಲಸ ಇದ್ರೂ ಮಾಡ್ತೀನಿ’ ಎನ್ನಿ. ಸೆಟ್ಟು ಹೊರಲು, ಬಟ್ಟೆ ಇಸ್ತ್ರಿ ಮಾಡಲು, ಪರಿಕರ ಜೋಡಿಸಲು ಕೈ ಸಾಲದ ತಂಡಗಳೇ ಜಾಸ್ತಿ.

ಮೊದಲ ಆರು ತಿಂಗಳು ನಿಮಗೆ ಪಾತ್ರ ಸಿಗದೇ ಹೋಗಬಹುದು. ಆ ಹೊತ್ತಿನಲ್ಲಿ ಸಿಗುವ ಒಂದು ಕೆಲಸವನ್ನು ಮಾತ್ರ ಬಿಡಬೇಡಿ. ಅದು ಸ್ಕ್ರಿಪ್ಟು ಹಿಡಿದು ಪ್ರಾಂಪ್ಟ್ ಮಾಡುವುದು. ಒಂದೇ ದೃಶ್ಯವನ್ನು ನಲವತ್ತು ಸಲ ಕೇಳುತ್ತೀರಿ. ಒಳ್ಳೆಯ ನಟಿ ಒಂದೇ ಮಾತನ್ನು ನಿನ್ನೆ ಹೇಗೆ ಹೇಳಿದರು, ಇವತ್ತು ಎಲ್ಲಿ ಉಸಿರು ತೆಗೆದುಕೊಂಡರು, ಎದುರಿನವರು ತಡವರಿಸಿದಾಗ ದೃಶ್ಯವನ್ನು ಹೇಗೆ ಎತ್ತಿದರು ಎಂಬುದೆಲ್ಲ ಕಿವಿಗೆ ಬೀಳುತ್ತದೆ. ನಾಟಕವೂ ಬಾಯಿಪಾಠವಾಗುತ್ತದೆ. ಯಾರಿಗೋ ಜ್ವರ ಬಂದು ಪಾತ್ರ ಖಾಲಿಯಾದ ದಿನ ನಿರ್ದೇಶಕರು ಮೊದಲು ನೋಡುವುದು ಮಾತೆಲ್ಲ ಗೊತ್ತಿರುವವರ ಕಡೆಗೇ.

ಪೂರ್ಣಾವಧಿ ಕಲಿಕೆಗೆ ಒಂದು ವರ್ಷ ಮೀಸಲಿಡಲು ಆಗುವುದಾದರೆ ನಮ್ಮ ನಾಡಿನಲ್ಲಿ ಒಳ್ಳೆಯ ಜಾಗಗಳಿವೆ. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣ ಮತ್ತು ಗೆಳೆಯರು 1949ರಲ್ಲಿ ಕಟ್ಟಿದ ನೀನಾಸಮ್ 1980ರಿಂದ ರಂಗಶಿಕ್ಷಣ ಕೇಂದ್ರ ನಡೆಸುತ್ತಿದೆ. ಅಲ್ಲೇ ಉಳಿದು, ಅಲ್ಲೇ ಉಂಡು, ಬೆಳಗಿನ ವ್ಯಾಯಾಮದಿಂದ ರಾತ್ರಿಯ ತಾಲೀಮಿನವರೆಗೆ ದಿನವಿಡೀ ಕಲಿಯುವ ಕ್ರಮ ಅದು. ನೀನಾಸಮ್‌ನ ನಾಟಕ ತಂಡ ‘ತಿರುಗಾಟ’ 1985ರಿಂದ ಊರೂರು ಸುತ್ತುತ್ತಿದೆ. ಸಂಜೆ ರಾಜನ ಪಾತ್ರ ಮಾಡಿದವರೇ ರಾತ್ರಿ ಸೆಟ್ಟು ಬಿಚ್ಚಿ ವ್ಯಾನಿಗೆ ಏರಿಸುವುದು ಅಲ್ಲಿನ ಪದ್ಧತಿ. ಮೈಸೂರಿನ ರಂಗಾಯಣವನ್ನು 1989ರಲ್ಲಿ ಬಿ.ವಿ. ಕಾರಂತರು ಕಟ್ಟಿ ನಿಲ್ಲಿಸಿದರು. ಅಲ್ಲಿಯ ಭಾರತೀಯ ರಂಗಶಿಕ್ಷಣ ಕೇಂದ್ರದಲ್ಲಿ ಒಂದು ವರ್ಷದ ಡಿಪ್ಲೊಮಾ ಇದೆ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲೂ ರಂಗಶಾಲೆ ಇದೆ. ರಾಷ್ಟ್ರೀಯ ನಾಟಕ ಶಾಲೆಯ ಬೆಂಗಳೂರು ಕೇಂದ್ರದಲ್ಲಿ ಒಂದು ವರ್ಷದ ಕೋರ್ಸು ಇದೆ. ಕೆಲಸ ಬಿಡಲಾಗದವರಿಗೆ ಎ.ಎಸ್. ಮೂರ್ತಿಯವರು ಆರಂಭಿಸಿದ ‘ಅಭಿನಯ ತರಂಗ’ದಂಥ ಭಾನುವಾರದ ಶಾಲೆ ಬೆಂಗಳೂರಿನಲ್ಲಿದೆ. ಸಿನಿಮಾ ನಟನೆಯನ್ನೇ ಓದಬೇಕೆಂದರೆ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ನಟನೆಯ ವಿಭಾಗವಿದೆ.

ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ಮೂರು ವರ್ಷದ ಕೋರ್ಸಿಗೆ ಪದವಿಯ ಜೊತೆಗೆ ಕನಿಷ್ಠ ಆರು ನಾಟಕಗಳಲ್ಲಿ ಕೆಲಸ ಮಾಡಿದ ಅನುಭವವನ್ನೂ ಕೇಳುತ್ತಾರೆ. ಅಂದರೆ ದೇಶದ ದೊಡ್ಡ ನಾಟಕ ಶಾಲೆಯ ಬಾಗಿಲು ತಟ್ಟಬೇಕಾದರೂ ಮೊದಲು ನಿಮ್ಮೂರಿನ ತಂಡದಲ್ಲಿ ದುಡಿದಿರಬೇಕು. ಪ್ರವೇಶದ ದಿನಾಂಕ, ಶುಲ್ಕ, ವಯಸ್ಸಿನ ಮಿತಿ ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ. ಆ ಸಂಸ್ಥೆಯವರನ್ನೇ ನೇರವಾಗಿ ವಿಚಾರಿಸಿ, ಮಧ್ಯದವರ ಮಾತು ನಂಬಬೇಡಿ.

ಭಾಷೆಯ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಲ–ಳ, ಶ–ಸ, ಅ–ಹ ತಪ್ಪಿದರೆ ಪೌರಾಣಿಕ ಪಾತ್ರ ನಿಲ್ಲುವುದಿಲ್ಲ. ಮಹಾಪ್ರಾಣ ಬರಬೇಕಾದಲ್ಲಿ ಬರಬೇಕು. ಇದು ಗಟ್ಟಿಯಾಗಿ ಓದುವುದರಿಂದಲೇ ಬರುವಂಥದ್ದು. ದಿನಾ ಇಪ್ಪತ್ತು ನಿಮಿಷ ಒಂದು ನಾಟಕವನ್ನು ದನಿ ಎತ್ತಿ ಓದಿ. ಕಾರ್ನಾಡರ ‘ತುಘಲಕ್’ ಓದಿದರೆ ಉದ್ದ ವಾಕ್ಯಕ್ಕೆ ಉಸಿರು ಹಂಚುವುದು ಗೊತ್ತಾಗುತ್ತದೆ. ಕಂಬಾರರ ‘ಜೋಕುಮಾರಸ್ವಾಮಿ’ ಓದಿದರೆ ಉತ್ತರ ಕರ್ನಾಟಕದ ಮಾತಿನ ಲಯ ನಾಲಿಗೆಗೆ ಹತ್ತುತ್ತದೆ. ಕೈಲಾಸಂ ಓದಿದರೆ ಮನೆಮಾತಿನ ಓಟ ಸಿಗುತ್ತದೆ.

ಆದರೆ ಶಿಷ್ಟ ಕನ್ನಡ ಕಲಿಯುವ ಭರದಲ್ಲಿ ನಿಮ್ಮೂರಿನ ಮಾತನ್ನು ಕಳೆದುಕೊಳ್ಳಬೇಡಿ. ಬೆಂಗಳೂರಿಗೆ ಬಂದ ಎರಡೇ ವರ್ಷಕ್ಕೆ ಹಾವೇರಿಯ ಹುಡುಗರು, ಕೊಳ್ಳೇಗಾಲದ ಹುಡುಗಿಯರು ತಮ್ಮ ಮಾತಿಗೆ ನಾಚಿಕೊಳ್ಳುವುದನ್ನು ಕಂಡು ನನಗೆ ಸಂಕಟವಾಗುತ್ತದೆ. ‘ಒಂದು ಮೊಟ್ಟೆಯ ಕಥೆ’ಯ ಮಂಗಳೂರು ಕನ್ನಡವನ್ನು, ‘ಕಾಂತಾರ’ದ ಕರಾವಳಿ ಮಾತನ್ನು ನಾಡೆಲ್ಲ ಕೂತು ನೋಡಿದೆ. ಇವತ್ತು ಆಡಿಷನ್ ಕರೆಯುವವರು ‘ಕುಂದಾಪುರ ಕನ್ನಡ ಬರುತ್ತಾ? ಧಾರವಾಡದ ಮಾತು ಬರುತ್ತಾ?’ ಎಂದು ಕೇಳಿಯೇ ಕರೆಯುತ್ತಾರೆ. ನಿಮ್ಮ ಅಜ್ಜಿಯ ಮಾತು ನಿಮ್ಮ ಆಸ್ತಿ. ಎರಡನ್ನೂ ಇಟ್ಟುಕೊಳ್ಳಿ.

ಒಂದು ದಿನದ ಪಾಠವನ್ನು ಬಿಡಿಸಿ ಹೇಳಿದರೆ ನಟನೆಯ ಕಲಿಕೆ ಎಂಥದ್ದು ಎಂಬುದು ತಿಳಿದೀತು. ನಮ್ಮ ವಾರಾಂತ್ಯದ ತರಗತಿಗೆ ಹಾವೇರಿ ಕಡೆಯ ಹುಡುಗಿಯೊಬ್ಬಳು ಬರುತ್ತಿದ್ದಳು. ಅವತ್ತಿನ ಅಭ್ಯಾಸ ಸರಳವಾಗಿತ್ತು. ಕೆಲಸ ಹೋಗಿದೆ, ಊರಲ್ಲಿರುವ ಅಪ್ಪನಿಂದ ಫೋನ್ ಬಂದಿದೆ, ವಿಷಯ ಹೇಳಬೇಕು. ಅಪ್ಪನ ಮಾತನ್ನು ಇನ್ನೊಬ್ಬ ಹುಡುಗ ಮೂಲೆಯಲ್ಲಿ ಕೂತು ಹೇಳುತ್ತಿದ್ದ. ಆಕೆ ಫೋನ್ ಎತ್ತುವ ಮೊದಲೇ ಅಳತೊಡಗಿದಳು. ಕಣ್ಣೀರು ನಿಜವಾದದ್ದೇ. ಆದರೆ ನೋಡುತ್ತಿದ್ದ ಹನ್ನೆರಡು ಜನರಲ್ಲಿ ಯಾರ ಗಂಟಲೂ ಕಟ್ಟಲಿಲ್ಲ.

ಎರಡನೆಯ ಸಲ ಆಕೆಯ ಕೈಗೆ ಒಂದು ಬೆಳ್ಳುಳ್ಳಿ ಗಡ್ಡೆ ಕೊಟ್ಟು, ‘ಅಡುಗೆ ಮಾಡ್ತಾ ಇದ್ದೀಯ. ಅಳಬಾರದು. ವಿಷಯ ಅಪ್ಪನಿಗೆ ತಿಳಿಯಲೂಬಾರದು’ ಎಂದೆ. ಆಕೆ ಸಿಪ್ಪೆ ಸುಲಿಯುತ್ತಾ ಮಳೆ ಬಂತಾ, ಎಮ್ಮೆ ಈಯ್ತಾ ಎಂದು ಕೇಳುತ್ತಾ ಹೋದಳು. ಮೂಲೆಯಿಂದ ಅಪ್ಪ, ‘ಊಟ ಆತೇನವಾ?’ ಎಂದ. ಸುಲಿಯುತ್ತಿದ್ದ ಬೆರಳು ನಿಂತಿತು. ಎರಡು ಉಸಿರಿನಷ್ಟು ಹೊತ್ತು ಕಳೆಯಿತು. ‘ಹೂನಪ್ಪಾ, ಆತು’ ಎಂದಳು. ಮತ್ತೆ ಸುಲಿಯತೊಡಗಿದಳು. ಕೋಣೆಯಲ್ಲಿ ಸದ್ದೇ ಇರಲಿಲ್ಲ.

ಮೊದಲ ಸಲ ಆಕೆ ತನ್ನ ದುಃಖವನ್ನು ತೋರಿಸುತ್ತಿದ್ದಳು. ಎರಡನೆಯ ಸಲ ಅಪ್ಪನ ಮಾತನ್ನು ಕೇಳಿಸಿಕೊಂಡಳು. ಕೈಗೊಂದು ಕೆಲಸ, ಮನಸ್ಸಿಗೊಂದು ಗುರಿ, ಎದುರಿನವರ ಮಾತಿಗೆ ಕಿವಿ. ಈ ಮೂರು ಇದ್ದರೆ ಮುಖಭಾವವನ್ನು ನಾವು ತಯಾರಿಸಬೇಕಾಗಿಲ್ಲ. ಮನೆಯಲ್ಲಿ ಅಭ್ಯಾಸ ಮಾಡುವವರು ಅಣ್ಣನನ್ನೋ ಅಕ್ಕನನ್ನೋ ಎದುರಿಗೆ ಕೂರಿಸಿಕೊಂಡು ಹೀಗೆಯೇ ಮಾಡಿ ನೋಡಬಹುದು.

ಇಷ್ಟೆಲ್ಲ ಆದ ಮೇಲೆ ಫೋಟೊ. ಮೂರ್ನಾಲ್ಕು ಸಾಕು. ಮೇಕಪ್ ಇಲ್ಲದ, ಬಣ್ಣ ತಿದ್ದದ, ಈಗ ನೀವು ಹೇಗಿದ್ದೀರೋ ಹಾಗೇ ಕಾಣುವ ಒಂದು ಕ್ಲೋಸಪ್, ಸೊಂಟದವರೆಗಿನದೊಂದು, ಪೂರ್ತಿ ನಿಂತದ್ದೊಂದು, ಪಕ್ಕದಿಂದ ತೆಗೆದದ್ದೊಂದು. ಗೆಳೆಯನ ಮೊಬೈಲಿನಲ್ಲಿ ಬೆಳಗಿನ ಬೆಳಕಿಗೆ ತೆಗೆದರೂ ನಡೆಯುತ್ತದೆ. ಆಯ್ಕೆ ಮಾಡುವವರು ಹುಡುಕುವುದು ಪಾತ್ರಕ್ಕೆ ಹೊಂದುವ ಮುಖವನ್ನು. ಫೋಟೊದಲ್ಲಿ ಒಂದು ಮುಖ, ಬಾಗಿಲಲ್ಲಿ ಇನ್ನೊಂದು ಮುಖ ಕಂಡರೆ ಅವರಿಗೂ ಬೇಸರ, ನಿಮಗೂ ನಷ್ಟ.

ಈಗ ಬಹುತೇಕ ಆಡಿಷನ್‌ಗಳ ಮೊದಲ ಸುತ್ತು ನೀವೇ ಮನೆಯಲ್ಲಿ ತೆಗೆದು ಕಳಿಸುವ ವಿಡಿಯೊ. ಹೇಗೆ ತೆಗೆಯಬೇಕು ಎಂದು ಅವರು ಹೇಳಿದ್ದರೆ ಅದನ್ನೇ ಪಾಲಿಸಿ. ಹೇಳಿಲ್ಲದಿದ್ದರೆ ಮೊಬೈಲನ್ನು ಅಡ್ಡಡ್ಡ ಇಡಿ. ಕ್ಯಾಮೆರಾ ಕಣ್ಣಿನ ಮಟ್ಟಕ್ಕಿರಲಿ. ಪುಸ್ತಕ ಪೇರಿಸಿ ಅದರ ಮೇಲಿಟ್ಟರೂ ಸರಿ, ಕೈಯಲ್ಲಿ ಮಾತ್ರ ಹಿಡಿಯಬೇಡಿ. ಬೆನ್ನ ಹಿಂದೆ ಖಾಲಿ ಗೋಡೆ, ಮುಖದ ಎದುರಿಗೆ ಕಿಟಕಿ. ಕಿಟಕಿ ಬೆನ್ನಿಗಿದ್ದರೆ ಮುಖ ಕಪ್ಪಾಗುತ್ತದೆ. ಫ್ಯಾನು ಆರಿಸಿ, ಕುಕ್ಕರ್ ಕೂಗುವ ಹೊತ್ತು ತಪ್ಪಿಸಿ. ಮೊದಲಿಗೆ ಪರಿಚಯ. ಹೆಸರು, ವಯಸ್ಸು, ಎತ್ತರ, ಊರು, ಬರುವ ಭಾಷೆಗಳು, ಮಾಡಿದ ನಾಟಕಗಳು. ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿ, ಎರಡೂ ಕೈ ತೋರಿಸಿ. ಆಮೇಲೆ ದೃಶ್ಯ. ಎದುರು ಪಾತ್ರದ ಮಾತು ಹೇಳುವವರು ಲೆನ್ಸಿನ ಪಕ್ಕಕ್ಕೇ ನಿಂತು ಮೆಲುದನಿಯಲ್ಲಿ ಹೇಳಲಿ, ನಿಮ್ಮ ನೋಟ ಅವರ ಮೇಲಿರಲಿ. ಹಿನ್ನೆಲೆ ಸಂಗೀತ ಹಾಕಬೇಡಿ, ಎಫೆಕ್ಟು ಸೇರಿಸಬೇಡಿ. ಕಳಿಸುವ ಫೈಲಿಗೆ ನಿಮ್ಮ ಹೆಸರು, ಪಾತ್ರದ ಹೆಸರು ಹಾಕಿ.

ಕಳಿಸಿದ ಮೇಲೆ ಉತ್ತರ ಬರದಿರುವುದೇ ಹೆಚ್ಚು. ತಂಗಿಯ ಪಾತ್ರಕ್ಕೆ ನಾಯಕಿಗಿಂತ ಎತ್ತರ ಇರಬಾರದು, ಅಪ್ಪನ ಪಾತ್ರಧಾರಿಯ ಹೋಲಿಕೆ ಇರಬೇಕು ಎಂಬಂಥ, ನಿಮ್ಮ ಕೈಯಲ್ಲಿಲ್ಲದ ನೂರು ಕಾರಣಗಳಿರುತ್ತವೆ. ಮತ್ತೆ ಮತ್ತೆ ಫೋನ್ ಮಾಡಿ ಕಾಡಬೇಡಿ. ಮುಂದಿನ ನಾಟಕ ಇದ್ದರೆ ಬಂದು ನೋಡಿ ಎಂದು ಆಹ್ವಾನ ಕಳಿಸಿ, ಅದು ಶೋಭೆ.

ಕ್ಯಾಮೆರಾ ಮುಂದಿನ ಮೊದಲ ಕೆಲಸ ಹೊಸಬರಿಗೆ ಸಾಮಾನ್ಯವಾಗಿ ಧಾರಾವಾಹಿಯಲ್ಲಿ ಸಿಗುತ್ತದೆ. ಅರ್ಧ ಗಂಟೆಯ ಕಂತಿನಲ್ಲಿ ಜಾಹೀರಾತು ಕಳೆದರೆ ಸುಮಾರು 22 ನಿಮಿಷದ ಕಥೆ. ವಾರಕ್ಕೆ ಐದಾರು ಕಂತು ಪ್ರಸಾರವಾಗಬೇಕಾದ್ದರಿಂದ ದಿನಕ್ಕೆ ಹೆಚ್ಚುಕಡಿಮೆ ಒಂದು ಕಂತಿನಷ್ಟು ಶೂಟಿಂಗ್ ಮುಗಿಯಲೇಬೇಕು. ಹಾಗಾಗಿ ಸ್ಕ್ರಿಪ್ಟು ಹಿಂದಿನ ದಿನವೇ ಕೈಗೆ ಬರುತ್ತದೆ ಎಂದು ಕಾಯಬೇಡಿ. ಅನೇಕ ಸೆಟ್ಟುಗಳಲ್ಲಿ ಅಸೋಸಿಯೇಟ್ ನಿರ್ದೇಶಕರು ಪಕ್ಕದಿಂದ ಮಾತು ಪ್ರಾಂಪ್ಟ್ ಮಾಡುತ್ತಾರೆ, ನಟರು ಕೇಳಿಸಿಕೊಂಡು ಹೇಳುತ್ತಾರೆ, ದನಿಯನ್ನು ಆಮೇಲೆ ಡಬ್ ಮಾಡುತ್ತಾರೆ. ಪ್ರಾಂಪ್ಟಿಂಗ್ ಹಿಡಿಯುವುದು, ನಿಮಗೆ ಗುರುತು ಮಾಡಿದ ಜಾಗ, ಅಂದರೆ ಮಾರ್ಕ್ ಬಿಟ್ಟು ಸರಿಯದೆ ನಿಲ್ಲುವುದು, ಮಿಡ್ ಶಾಟಿನಲ್ಲಿ ಯಾವ ಕೈಯಲ್ಲಿ ಲೋಟ ಹಿಡಿದಿದ್ದಿರೋ ಕ್ಲೋಸಪ್ಪಿನಲ್ಲೂ ಅದೇ ಕೈಯಲ್ಲಿ ಹಿಡಿಯುವುದು. ಇವನ್ನು ಬೇಗ ಕಲಿತವರನ್ನು ಮತ್ತೆ ಕರೆಯುತ್ತಾರೆ.

ದನಿಯ ಕೆಲಸವನ್ನು ಕೀಳೆಂದು ತಿಳಿಯಬೇಡಿ. ಆಕಾಶವಾಣಿಯ ನಾಟಕ ವಿಭಾಗ ಧ್ವನಿ ಪರೀಕ್ಷೆ ನಡೆಸಿ ಕಲಾವಿದರಿಗೆ ದರ್ಜೆ ಕೊಡುತ್ತದೆ. 2020ರ ಲಾಕ್‌ಡೌನ್ ಹೊತ್ತಿಗೆ ‘ಮಹಾಭಾರತ’ ಕನ್ನಡಕ್ಕೆ ಡಬ್ ಆಗಿ ಬಂದ ಮೇಲೆ ಡಬ್ಬಿಂಗ್ ಕಲಾವಿದರಿಗೆ ಕೆಲಸದ ಹೊಸ ದಾರಿ ತೆರೆದಿದೆ. ಮುಖ ಕಾಣದೆ ಬರೀ ಮಾತಿನಲ್ಲಿ ಪಾತ್ರ ಕಟ್ಟಲು ಬಂದರೆ ಕ್ಯಾಮೆರಾ ಮುಂದೆ ಅರ್ಧ ಭಾರ ಇಳಿಯುತ್ತದೆ.

ಈಗ ಎಚ್ಚರಿಕೆಯ ಮಾತು. ಪಾತ್ರ ಕೊಡುವವರು ನಿಮಗೆ ದುಡ್ಡು ಕೊಡಬೇಕು, ನಿಮ್ಮಿಂದ ತೆಗೆದುಕೊಳ್ಳಬಾರದು. ರಿಜಿಸ್ಟ್ರೇಷನ್ ಫೀಸು, ಆಡಿಷನ್ ಫೀಸು, ಕೋಆರ್ಡಿನೇಟರ್ ಕಮಿಷನ್ ಮುಂಗಡ, ‘ನಮ್ಮ ಸ್ಟುಡಿಯೊದಲ್ಲೇ ಪೋರ್ಟ್‌ಫೋಲಿಯೊ ಮಾಡಿಸಿದರೆ ಸೆಲೆಕ್ಷನ್ ಗ್ಯಾರಂಟಿ’ — ಹೆಸರು ಯಾವುದಾದರೂ ಇರಲಿ, ಅಲ್ಲಿಂದ ಎದ್ದು ಬನ್ನಿ. ‘ನೀವೇ ಹೀರೊ, ಹತ್ತು ಲಕ್ಷ ಹಾಕಿ’ ಎನ್ನುವವರ ಮಾತಿಗೆ ಹೊಲ ಮಾರಿದ ತಂದೆಯೊಬ್ಬರು ನನ್ನ ಎದುರು ಕೂತು ಅತ್ತಿದ್ದಾರೆ. ಆ ಚಿತ್ರದ ಮುಹೂರ್ತ ಆಯಿತು, ಎರಡನೆಯ ದಿನದ ಶೂಟಿಂಗ್ ಆಗಲಿಲ್ಲ. ಶಾಲೆಗೆ ಶುಲ್ಕ ಕಟ್ಟುವುದು ಬೇರೆ. ಅದು ಕಲಿಕೆಗೆ ಕೊಡುವ ದುಡ್ಡು. ಅವಕಾಶ ಕೊಡಿಸುತ್ತೇವೆ ಎಂದು ಆಸೆ ತೋರಿಸುವ ಶಾಲೆಯಿಂದಲೂ ದೂರವಿರಿ.

ಆಡಿಷನ್‌ಗೆ ಹೋಗುವಾಗ ಎಲ್ಲಿಗೆ, ಯಾರನ್ನು ನೋಡಲು ಎಂದು ಮನೆಯವರಿಗೋ ಗೆಳೆಯರಿಗೋ ತಿಳಿಸಿ ಹೋಗಿ. ರಾತ್ರಿ ಹೋಟೆಲ್ ರೂಮಿನಲ್ಲಿ ‘ಕಥೆ ಹೇಳ್ತೀವಿ’ ಎಂದು ಕರೆದರೆ ಹೋಗಬೇಡಿ. ಕೆಲಸದ ಜಾಗದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ದಿನಗೂಲಿ, ಗುತ್ತಿಗೆಯವರಿಗೂ ಅನ್ವಯಿಸುತ್ತದೆ. ಹತ್ತು ಅಥವಾ ಅದಕ್ಕಿಂತ ಹೆಚ್ಚು ಮಂದಿ ದುಡಿಯುವಲ್ಲಿ ಆಂತರಿಕ ದೂರು ಸಮಿತಿ ಇರಲೇಬೇಕು. ಇಲ್ಲದಿದ್ದರೆ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಸಾಮಾನ್ಯವಾಗಿ ಮೂರು ತಿಂಗಳೊಳಗೆ ಕೊಡಬೇಕು. ಪಾತ್ರ ತಪ್ಪುತ್ತದೆ ಎಂಬ ಹೆದರಿಕೆಗೆ ಸುಮ್ಮನಿರಬೇಡಿ.

ಹಣದ ಲೆಕ್ಕವನ್ನು ಮೊದಲೇ ಮಾತಾಡಿ. ದಿನಕ್ಕೆ ಎಷ್ಟು, ತಿಂಗಳಿಗೆ ಎಷ್ಟು ದಿನ, ಬಟ್ಟೆ ಯಾರದು, ಓಡಾಟದ ಖರ್ಚು ಯಾರದು, ಪೇಮೆಂಟ್ ಯಾವಾಗ. ಕೆಲಸ ಮಾಡಿದ ದಿನವೇ ದುಡ್ಡು ಬರುವುದಿಲ್ಲ, ಒಂದೆರಡು ತಿಂಗಳು ಹಿಡಿಯುವುದು ಸಾಮಾನ್ಯ. ಕೆಲಸ ಮಾಡಿದ ದಿನಗಳನ್ನು ಒಂದು ಡೈರಿಯಲ್ಲಿ ಬರೆದಿಡಿ. ಒಪ್ಪಂದವಿದ್ದರೆ ಓದಿಯೇ ಸಹಿ ಹಾಕಿ. ಎಷ್ಟು ಕಾಲ ಬೇರೆ ವಾಹಿನಿಯಲ್ಲಿ ಕೆಲಸ ಮಾಡುವಂತಿಲ್ಲ ಎಂಬ ಸಾಲನ್ನು ಹುಡುಕಿ ಓದಿ. ಪ್ಯಾನ್ ಕಾರ್ಡ್ ಮಾಡಿಸಿಕೊಳ್ಳಿ. ಸಂಭಾವನೆ ನಿಗದಿತ ಮೊತ್ತ ದಾಟಿದರೆ 10% ತೆರಿಗೆ ಹಿಡಿದು ಕೊಡುತ್ತಾರೆ, ಪ್ಯಾನ್ ಇಲ್ಲದಿದ್ದರೆ 20%. ನಿಮ್ಮ ವರಮಾನ ತೆರಿಗೆಯ ಮಿತಿಯೊಳಗಿದ್ದರೆ ರಿಟರ್ನ್ಸ್ ಸಲ್ಲಿಸಿ ಆ ಹಣವನ್ನು ವಾಪಸ್ ಪಡೆಯಬಹುದು.

ಇರುವ ಕೆಲಸವನ್ನು ತಕ್ಷಣ ಬಿಟ್ಟು ಬೆಂಗಳೂರಿನ ಬಸ್ಸು ಹತ್ತಬೇಡಿ. ಸಂಜೆ ಬಿಡುವು ಕೊಡುವ ಕೆಲಸ ಹಿಡಿಯಿರಿ, ಆರು ತಿಂಗಳ ಬಾಡಿಗೆ ಊಟದಷ್ಟು ಕೂಡಿಡಿ. ಹಸಿದ ಹೊಟ್ಟೆಯಲ್ಲಿ ಒಳ್ಳೆಯ ಪಾತ್ರಕ್ಕೆ ಕಾಯುವ ತಾಳ್ಮೆ ಉಳಿಯುವುದಿಲ್ಲ, ಮೋಸಗಾರರಿಗೆ ಸಿಕ್ಕಿಬೀಳುವುದೂ ಅಂಥ ಹೊತ್ತಿನಲ್ಲೇ. ಮನೆಯವರಿಗೆ ಎರಡು ವರ್ಷದ ಗಡುವು ಕೇಳಿ. ನಿಮ್ಮ ಮೊದಲ ನಾಟಕಕ್ಕೆ ಅಪ್ಪ ಅಮ್ಮನನ್ನು ಕರೆತಂದು ಮುಂದಿನ ಸಾಲಿನಲ್ಲಿ ಕೂರಿಸಿ.

ಹವ್ಯಾಸಿ ತಂಡಗಳ ತಾಲೀಮು ಸಾಮಾನ್ಯವಾಗಿ ಸಂಜೆ ಆರಕ್ಕೆ ಶುರುವಾಗುತ್ತದೆ. ಈ ವಾರವೇ ನಿಮ್ಮೂರಿನಲ್ಲಿ ಅದು ಎಲ್ಲಿ ನಡೆಯುತ್ತಿದೆ ಎಂದು ವಿಚಾರಿಸಿಕೊಂಡು, ಅರ್ಧ ಗಂಟೆ ಮೊದಲೇ ಹೋಗಿ ಬಾಗಿಲ ಬಳಿ ನಿಂತಿರಿ.